ರ‍್ಯಾಫ್ಟಿಂಗ್ ಬರಹಗಳಲ್ಲಿ ನದಿಯ ದರ್ಜೆಯೂ ಇರಲಿ

ಮಾನ್ಯ ಸಂಪಾದಕರೇ,

ವಿದೇಶಕ್ಕೆ ಒಂಟಿಯಾಗಿ ಹೊರಡುವವರಿಗಾಗಿ ತಮ್ಮ ಪ್ರವಾಸ ಪುಟದಲ್ಲಿ ಬರುವ ಲೇಖನಗಳನ್ನು ನಾನು ತಪ್ಪದೆ ಓದುತ್ತೇನೆ. ರ‍್ಯಾಫ್ಟಿಂಗ್ (ಗಾಳಿ ತುಂಬಿದ ದೋಣಿಯಲ್ಲಿ ರಭಸದ ನದಿಯ ಮೇಲೆ ಸಾಗುವ ಸಾಹಸ) ಕುರಿತು ಬರೆದಾಗಲೆಲ್ಲ ಈಜು ಬಾರದವರೂ ನಿಶ್ಚಿಂತೆಯಿಂದ ಹೋಗಬಹುದು ಎಂಬರ್ಥದ ಭರವಸೆಯೊಂದು ಇದ್ದೇ ಇರುತ್ತದೆ. ಯಾವ ತಿಂಗಳಲ್ಲಿ ಹೋಗಬೇಕು, ಆಗ ನದಿಯ ದರ್ಜೆ, ಅಂದರೆ ಹರಿವಿನ ರಭಸದ ಮಟ್ಟ, ಎಷ್ಟಿರುತ್ತದೆ ಎಂಬ ವಿವರ ಮಾತ್ರ ಕಾಣುವುದಿಲ್ಲ.

ಕಳೆದ ನವೆಂಬರಿನಲ್ಲಿ ನೇಪಾಳಕ್ಕೆ ಒಬ್ಬಳೇ ಹೋಗಿದ್ದಾಗ ತ್ರಿಶೂಲಿ ನದಿಯಲ್ಲಿ ಒಂದು ದಿನದ ರ‍್ಯಾಫ್ಟಿಂಗ್ ಮಾಡಿದೆ. ಕಠ್ಮಂಡುವಿನಿಂದ ಪೊಖರಾದತ್ತ ಹೋಗುವ ಪೃಥ್ವಿ ಹೆದ್ದಾರಿ ಬಹುದೂರ ಈ ನದಿಯ ಪಕ್ಕದಲ್ಲೇ ಸಾಗುವುದರಿಂದ, ಬೆಳಿಗ್ಗೆ ಬಸ್ಸು ಹತ್ತಿದವರು ನಡುವೆ ಇಳಿದು, ಎರಡು ಮೂರು ಗಂಟೆ ನೀರಿನ ಮೇಲಿದ್ದು, ಸಂಜೆಗೆ ಮುಂದಿನ ಊರು ಸೇರಬಹುದು. ಒಂಟಿ ಪ್ರವಾಸಿಗಳಿಗೆ ಇದು ಅನುಕೂಲವೇ. ಆದರೆ ಒಬ್ಬರಿಗಾಗಿ ಯಾರೂ ರ‍್ಯಾಫ್ಟ್ ಇಳಿಸುವುದಿಲ್ಲವಾದ್ದರಿಂದ ನನ್ನನ್ನು ಮೊದಲೇ ಪರಸ್ಪರ ಪರಿಚಯವಿದ್ದ ಏಳು ಜನರ ಗುಂಪಿನಲ್ಲಿ ಖಾಲಿ ಉಳಿದಿದ್ದ ಜಾಗಕ್ಕೆ ಕೂರಿಸಿದರು.

ನನಗೆ ಕೊಟ್ಟ ಲೈಫ್ ಜಾಕೆಟ್ಟಿನ ಮೂರು ಬಕಲ್‌ಗಳಲ್ಲಿ ನಡುವಿನದು ಮುರಿದಿತ್ತು. ಅಲ್ಲಿದ್ದ ಹುಡುಗ ಪಟ್ಟಿಯ ಎರಡು ತುದಿಗಳನ್ನು ಗಂಟು ಹಾಕಿ ಸಾಕೆಂಬಂತೆ ತಲೆಯಾಡಿಸಿದ. ಗುಂಪಿನವರೆಲ್ಲ ಹೆಲ್ಮೆಟ್ ಹಾಕಿಕೊಂಡು, ಹುಟ್ಟು ಹಿಡಿದು ನೀರಿನಂಚಿನಲ್ಲಿ ನಿಂತಿದ್ದರು. ನನ್ನೊಬ್ಬಳಿಂದ ಎಲ್ಲರಿಗೂ ತಡವಾಗುತ್ತದಲ್ಲ ಎಂಬ ಸಂಕೋಚದಿಂದ ಒಂದೆರಡು ನಿಮಿಷ ಸುಮ್ಮನೆ ನಿಂತೆ. ಜೊತೆಗೆ ತಂಗಿಯೋ ಗೆಳತಿಯೋ ಇದ್ದಿದ್ದರೆ ‘ಇದು ಬೇಡ, ಬೇರೆ ಕೇಳು’ ಎಂದು ಗದರುತ್ತಿದ್ದರು. ಒಂಟಿ ಪ್ರವಾಸಿಗೆ ಈ ಸಂಕೋಚ ನೀರಿನ ಸೆಳವಿಗಿಂತ ಕಡಿಮೆ ಅಪಾಯಕಾರಿಯಲ್ಲ. ಕೊನೆಗೆ ಕೇಳಿದೆ; ಗೊಣಗದೆ ಬೇರೆ ಜಾಕೆಟ್ ತಂದುಕೊಟ್ಟರು. ಗೈಡ್ ಅದರ ಎರಡೂ ಭುಜಪಟ್ಟಿಗಳನ್ನು ಹಿಡಿದು ಮೇಲಕ್ಕೆ ಜಗ್ಗಿ, ಅದು ಕಿವಿಯವರೆಗೆ ಏರುವುದಿಲ್ಲವೆಂದು ಖಚಿತವಾದ ಮೇಲೆಯೇ ಹತ್ತಲು ಬಿಟ್ಟ. ಹೀಗೇಕೆ ಜಗ್ಗಿದನೆಂಬುದು ಮುಂದಿನ ಒಂದು ಗಂಟೆಯೊಳಗೆ ಅರ್ಥವಾಯಿತು. ಅಲೆಯೊಂದು ಅಡ್ಡ ಹೊಡೆದು ನಾನು ನೀರಿಗೆ ಬಿದ್ದಾಗ ಅವನು ನನ್ನನ್ನು ರ‍್ಯಾಫ್ಟಿನೊಳಕ್ಕೆ ಎಳೆದುಕೊಂಡದ್ದು ಕೈ ಹಿಡಿದಲ್ಲ, ಅದೇ ಭುಜಪಟ್ಟಿಗಳನ್ನು ಹಿಡಿದು. ಜಾಕೆಟ್ ಸಡಿಲವಿದ್ದಿದ್ದರೆ ಜಾಕೆಟ್ಟಷ್ಟೇ ಅವನ ಕೈಗೆ ಬರುತ್ತಿತ್ತೇನೋ.

ಹೊರಡುವ ಮುನ್ನ ಹೇಳಿಕೊಟ್ಟ ಸೂಚನೆಗಳು ಅವಸರದ ಇಂಗ್ಲಿಷಿನಲ್ಲಿದ್ದವು. ಅರ್ಧ ನನಗೆ ಹಿಡಿಯಲಿಲ್ಲ. ಹಿಡಿದದ್ದರಲ್ಲಿ ಮುಖ್ಯವಾದದ್ದು, ಬಿದ್ದರೆ ಎದ್ದು ನಿಲ್ಲಲು ಹೋಗಬಾರದೆಂಬುದು. ಮೊಣಕಾಲುದ್ದದ ನೀರಿನಲ್ಲೂ ಪಾದ ಕಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಂಡರೆ, ಹಿಂದಿನಿಂದ ನೂಕುವ ಸೆಳವು ಮೈಯನ್ನು ಮುಂದಕ್ಕೆ ಬಗ್ಗಿಸಿ ತಲೆಯನ್ನು ನೀರಿನಡಿಗೆ ಒತ್ತಿಬಿಡುತ್ತದೆ. ಅಂಗಾತ ಮಲಗಿ, ಪಾದಗಳನ್ನು ಹರಿವಿನ ದಿಕ್ಕಿಗೆ ಚಾಚಿ, ಹೆಬ್ಬೆರಳುಗಳು ನೀರಿನ ಮೇಲೆ ಕಾಣುವಂತೆ ತೇಲಬೇಕು. ರಕ್ಷಣೆಗೆಂದು ಹಗ್ಗ ಎಸೆದರೆ ಹಿಡಿದುಕೊಳ್ಳಬೇಕೇ ಹೊರತು ಮುಂಗೈಗೆ ಸುತ್ತಿಕೊಳ್ಳಬಾರದು. ಇಷ್ಟನ್ನಾದರೂ ನಮ್ಮ ಪತ್ರಿಕೆಗಳು ಕನ್ನಡದಲ್ಲಿ ಹೇಳಿದರೆ, ಪರಭಾಷೆಯಲ್ಲಿ ಮೊದಲ ಸಲ ಕೇಳಿಸಿಕೊಂಡು ಗಲಿಬಿಲಿಗೊಳ್ಳುವುದು ತಪ್ಪುತ್ತದೆ.

ಇನ್ನು ದರ್ಜೆಯ ವಿಷಯ. ರಭಸದ ಹರಿವನ್ನು ಅಂತರರಾಷ್ಟ್ರೀಯವಾಗಿ ಒಂದರಿಂದ ಆರರವರೆಗೆ ವಿಂಗಡಿಸುತ್ತಾರೆ; ಒಂದು ಎಂದರೆ ಸಣ್ಣ ಅಲೆಗಳ ಸುಲಭ ಹರಿವು, ಆರು ಎಂದರೆ ನುರಿತವರಿಗೂ ಪ್ರಾಣಾಪಾಯ. ತ್ರಿಶೂಲಿಯ ಪ್ರವಾಸಿ ಭಾಗ ಮಳೆ ನಿಂತ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಬಹುಮಟ್ಟಿಗೆ ಮೂರನೇ ದರ್ಜೆಯ ಆಸುಪಾಸಿನಲ್ಲಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಅದೇ ಜಾಗ, ಅದೇ ಬಂಡೆ, ಆದರೆ ನದಿಯೇ ಬೇರೆ. ನವೆಂಬರಿನ ಚಿತ್ರ ಹಾಕಿ ತಿಂಗಳು ಹೇಳದ ಲೇಖನವನ್ನು ನಂಬಿ ಜುಲೈಯಲ್ಲಿ ಹೋದವರ ಗತಿಯೇನು? ಪ್ರವಾಸ ವಿಮೆಯ ವಿಷಯದಲ್ಲೂ ದರ್ಜೆ ತಿಳಿದಿರಬೇಕು. ಸಾಹಸ ಕ್ರೀಡೆಗಳನ್ನು ಪೂರ್ತಿ ಹೊರಗಿಡುವ, ಇಲ್ಲವೇ ಇಂತಿಷ್ಟು ದರ್ಜೆಯವರೆಗೆ ಮಾತ್ರ ಒಪ್ಪುವ ಪಾಲಿಸಿಗಳು ಅನೇಕ.

ನಮ್ಮ ರ‍್ಯಾಫ್ಟಿನ ಮುಂದೆ ರಕ್ಷಣೆಗೆಂದೇ ಕಯಾಕಿನಲ್ಲಿ (ಒಬ್ಬರೇ ಕೂತು ನಡೆಸುವ ಕಿರಿದಾದ ದೋಣಿ) ಒಬ್ಬ ಸಾಗುತ್ತಿದ್ದ. ಅಂಥವನು ಇರುತ್ತಾನೋ ಇಲ್ಲವೋ ಎಂದು ಮುಂಗಡ ಕಟ್ಟುವಾಗ ಕೇಳಬೇಕೆಂಬುದು ನನಗೆ ಗೊತ್ತೇ ಇರಲಿಲ್ಲ. ನೀರಿಗಿಳಿಯುವ ಮತ್ತು ದಡಕ್ಕೇರುವ ಜಾಗಗಳನ್ನು, ದಡ ಸೇರುವ ಸಮಯವನ್ನು ತಂಗಿದ್ದ ಹೋಟೆಲಿನಲ್ಲೋ ಮನೆಯವರಿಗೋ ತಿಳಿಸಿ ಹೊರಡಬೇಕಿತ್ತು, ಅದನ್ನೂ ಮಾಡಿರಲಿಲ್ಲ. ಆ ದಿನ ನಾನು ಯಾವ ನದಿಯಲ್ಲಿದ್ದೇನೆಂದು ನನ್ನವರಾರಿಗೂ ತಿಳಿದಿರಲಿಲ್ಲ.

ಆದ್ದರಿಂದ ಇನ್ನು ಮುಂದೆ ಇಂಥ ಲೇಖನಗಳ ಕೊನೆಯಲ್ಲಿ ನದಿಯ ದರ್ಜೆ, ಲೇಖಕರು ಹೋಗಿದ್ದ ತಿಂಗಳು, ರಕ್ಷಣಾ ಕಯಾಕ್ ಇತ್ತೇ ಎಂಬ ವಿವರಗಳನ್ನು ಎರಡು ಸಾಲಿನಲ್ಲಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ. ಜಾಗ ಸಾಲದಿದ್ದರೆ ಒಂದು ಚಿತ್ರ ಕಡಿಮೆಯಾದರೂ ಚಿಂತೆಯಿಲ್ಲ.

ಇತಿ,
ತಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು