ಮನೆ ಗ್ಯಾರೇಜಿಗೆ ನೆಲವೇ ಮೊದಲು

ಮಾನ್ಯರೇ,

ಕೋಲಾರದ ಹೊಸ ಬಡಾವಣೆಗಳಲ್ಲಿ ಕಾರು, ಬೈಕ್ ರಿಪೇರಿಗೆಂದೇ ಮನೆ ಪಕ್ಕ ಶೆಡ್ ಹಾಕಿಸುವವರಿದ್ದಾರೆ. ದುಡ್ಡೆಲ್ಲ ಸ್ಪ್ಯಾನರ್ ಸೆಟ್ಟಿಗೆ ಸುರಿದು, ನೆಲಕ್ಕೆ ಮಾತ್ರ ಪಾರ್ಕಿಂಗ್ ಟೈಲ್ಸ್! ಟೈಲ್ಸ್ ಅಡಿ ಗಾರೆ ಪೊಳ್ಳಾಗಿದ್ದರೆ ಎತ್ತಿದ ಗಾಡಿಯನ್ನು ಹೊರುವ ಜಾಕ್ ಸ್ಟ್ಯಾಂಡಿನ ಕಾಲು ಕೂತಲ್ಲೇ ಬಿರುಕು ಬಿಟ್ಟು ಸ್ಟ್ಯಾಂಡ್ ವಾಲುತ್ತದೆ. ಗಾಡಿ ಕೆಳಗೆ ಆಳು ಮಲಗಿರುತ್ತಾನೆ. ತುಂಬಿದ ಮಣ್ಣಿಗೆ ನೀರು ಹೊಡೆದು ದಮ್ಮಸ್ಸು ಮಾಡಿ, ಜಲ್ಲಿ ಹಾಸಿ, ಮೇಲೆ 6 ಇಂಚು ಎಂ25 ದರ್ಜೆಯ ಗಟ್ಟಿ ಕಾಂಕ್ರೀಟ್ ಹಾಕಿಸಬೇಕು. ನೀರುಣಿಸುವ ಕ್ಯೂರಿಂಗ್ ಕನಿಷ್ಠ 7 ದಿನ. ಗಾಡಿ ಎತ್ತುವ ಎರಡು ಕಂಬದ ಲಿಫ್ಟ್ ಕೂರಿಸುವುದಾದರೆ 28 ದಿನ ಕಾದು ಆಂಕರ್ ಬೋಲ್ಟ್ ಹೊಡೆಯಿರಿ; ಚಾವಣಿ 12 ಅಡಿಯಾದರೂ ಇರಲಿ.

ಕಂಪ್ರೆಸರ್ ಗಾಳಿಗೆ ನೀರಿನ ಪಿವಿಸಿ ಪೈಪ್ ಎಳೆಯುವ ಪ್ಲಂಬರ್‌ಗಳಿದ್ದಾರೆ. ಬೇಡವೇ ಬೇಡ. ಒತ್ತಡ ತಾಳದೆ ಅದು ಚೂರು ಚೂರಾಗಿ ಸಿಡಿಯುತ್ತದೆ. ಜಿಐ (ಸತು ಲೇಪಿತ ಕಬ್ಬಿಣದ) ಪೈಪನ್ನೇ ಹಾಕಿ, ತುಸು ಇಳಿಜಾರು ಕೊಟ್ಟು, ಕವಲುಗಳನ್ನು ಪೈಪಿನ ಮೇಲ್ಭಾಗದಿಂದ ತೆಗೆಯಿರಿ. ಇಲ್ಲದಿದ್ದರೆ ತೇವವೆಲ್ಲ ಸ್ಪ್ರೇ ಗನ್ನಿಗಿಳಿದು ಪೇಂಟ್ ಮೇಲೆ ಗುಳ್ಳೆ ಏಳುತ್ತದೆ. ಕಂಪ್ರೆಸರ್ ಟ್ಯಾಂಕಿನ ತಳದ ನಲ್ಲಿಯಿಂದ ದಿನವೂ ನೀರು ಹೊರಬಿಡಬೇಕು.

ವೈರಿಂಗಿಗೆ ಒಳ್ಳೆಯ ಅರ್ತಿಂಗ್, ಕರೆಂಟ್ ಸೋರಿದರೆ ತಾನೇ ಕಡಿತ ಮಾಡುವ 30 ಮಿಲಿಆಂಪ್ ಆರ್‌ಸಿಸಿಬಿ ಸ್ವಿಚ್ ಕಡ್ಡಾಯ. ಶಟರ್ ಮುಚ್ಚಿ ಎಂಜಿನ್ ಓಡಿಸಬಾರದು. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ.

ಇನ್ನು ಹಳೇ ಆಯಿಲ್. ಕಾರೊಂದರಿಂದ ಸಲಕ್ಕೆ ಮೂರು-ನಾಲ್ಕು ಲೀಟರ್ ಇಳಿಯುತ್ತದೆ. ಕೊಳವೆಬಾವಿಯನ್ನೇ ನೆಚ್ಚಿದ ಜಿಲ್ಲೆಯಲ್ಲಿ ಅದನ್ನು ಚರಂಡಿಗೆ ಸುರಿಯುವುದೆಂದರೆ ಏನು ಹೇಳೋಣ? 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಅಧಿಕೃತ ಮರುಬಳಕೆದಾರರಿಗೇ ಸೇರಬೇಕು. ಮನೆಗಳಿಂದ ತಿಂಗಳಿಗೊಮ್ಮೆ ಆಯಿಲ್ ಸಂಗ್ರಹಿಸುವ ವ್ಯವಸ್ಥೆಯನ್ನು ಸ್ಥಳೀಯ ಆಡಳಿತ ಮಾಡಲಿ.

– ಓದುಗರು, ಕೋಲಾರ