ಧ್ರುವ ಮತ್ತೆ ಹಾರಿತು: ಬಿಡಿಭಾಗ ಕಾಯುವವರಿಗೆ ನಮಸ್ಕಾರ

2018ರ ಆಗಸ್ಟ್‌ನಲ್ಲಿ ಕೇರಳ ನೀರಲ್ಲಿ ಮುಳುಗಿದ್ದಾಗ ನೌಕಾಪಡೆಯ ಧ್ರುವ ಹೆಲಿಕಾಪ್ಟರ್ ಕೊಚ್ಚಿಯ ಮನೆಯೊಂದರ ತಾರಸಿಯಿಂದ ಇಬ್ಬರು ಹೆಣ್ಣುಮಕ್ಕಳನ್ನು ಮೇಲೆತ್ತಿಕೊಂಡಿತು. ಆಮೇಲೆ ಆ ತಾರಸಿಯ ಮೇಲೆ ಬಿಳಿ ಬಣ್ಣದಲ್ಲಿ ‘ಥ್ಯಾಂಕ್ಸ್’ ಎಂದು ದೊಡ್ಡದಾಗಿ ಬರೆದರು. ಪೈಲಟ್‌ಗೆ ಸಲ್ಲಬೇಕಾದದ್ದು ಸಂದಿತು. ಪಿನ್ನು, ಬೇರಿಂಗು, ಕೇಬಲ್ಲು ನೋಡಿಕೊಂಡವರಿಗೆ ಇನ್ನೂ ಬಾಕಿಯಿದೆ.

2025ರ ಜನವರಿ 5ರಂದು ಪೋರಬಂದರಿನಲ್ಲಿ ಕೋಸ್ಟ್ ಗಾರ್ಡ್‌ನ ಧ್ರುವ ಬಿದ್ದು ಮೂವರು ತೀರಿಕೊಂಡರು. ಅವರ ಮನೆಯವರ ದುಃಖದ ಮುಂದೆ ತಲೆಬಾಗುತ್ತೇವೆ. ಆ ಬಳಿಕ ಸುಮಾರು 330 ಧ್ರುವ ಹೆಲಿಕಾಪ್ಟರುಗಳ ಹಾರಾಟ ನಿಂತಿತು. ಬಿದ್ದ ಹೆಲಿಕಾಪ್ಟರಿನಲ್ಲಿ ಮುರಿದಿದ್ದದ್ದು ಸ್ವಾಶ್‌ಪ್ಲೇಟ್. ಪೈಲಟ್ ಕೈಯ ಚಲನೆಯನ್ನು ರೋಟರಿನ ರೆಕ್ಕೆಗಳಿಗೆ ಮುಟ್ಟಿಸುವ ಭಾಗವದು: ಕೆಳಗಿನ ತಟ್ಟೆ ತಿರುಗುವುದಿಲ್ಲ, ಮೇಲಿನದು ರೋಟರಿನ ಜೊತೆ ತಿರುಗುತ್ತದೆ, ನಡುವೆ ಬೇರಿಂಗ್. ಎಂಜಿನ್ ಎರಡಿವೆ, ಒಂದು ಕೈಕೊಟ್ಟರೆ ಇನ್ನೊಂದು ಹೊರುತ್ತದೆ. ಸ್ವಾಶ್‌ಪ್ಲೇಟಿಗೆ ಆ ಆಸರೆಯಿಲ್ಲ. ಮೇ ಆರಂಭದಲ್ಲಿ ಭೂಸೇನೆ, ವಾಯುಪಡೆಗಳ ಧ್ರುವಗಳಿಗೆ ಮತ್ತೆ ಹಾರಲು ಅನುಮತಿ ಸಿಕ್ಕಿತು.

ಮೊದಲ ನಮಸ್ಕಾರ ಬಿರುಕು ಹುಡುಕುವವರಿಗೆ. ಭಾಗವನ್ನು ಜಿಡ್ಡಿಲ್ಲದಂತೆ ತೊಳೆದು, ಹೊಳೆಯುವ ಬಣ್ಣದ ದ್ರವ ಸವರಿ, ಅದು ಬಿರುಕಿದ್ದರೆ ಒಳಗಿಳಿಯುವಷ್ಟು ಹೊತ್ತು ಬಿಟ್ಟು, ಮೇಲ್ಮೈ ಒರೆಸಿ, ಬಿರುಕಿನೊಳಗಿನ ದ್ರವವನ್ನು ಹೊರಗೆಳೆಯುವ ಡೆವಲಪರ್ ಪುಡಿ ಹಾಕಿ, ಕತ್ತಲಕೋಣೆಯಲ್ಲಿ ನೇರಳಾತೀತ ಬೆಳಕು ಹಿಡಿದು ನೋಡುತ್ತಾರೆ. ಕೂದಲೆಳೆಯಂಥ ಗೆರೆ ಹೊಳೆದರೆ ಮುಗಿಯಿತು, ಆ ಭಾಗ ಹಾರುವುದಿಲ್ಲ. ಜಿಡ್ಡು ಉಳಿದಿದ್ದರೆ ದ್ರವ ಬಿರುಕಿನೊಳಗೆ ಇಳಿಯುವುದೇ ಇಲ್ಲ. ಹಾಗಾಗಿ ತೊಳೆಯುವವರ ಕೆಲಸವನ್ನು ಕೀಳೆಂದು ಯಾರೂ ಎಣಿಸಬಾರದು.

ಜನರನ್ನು ಕೇಬಲಿನಿಂದ ಮೇಲೆತ್ತುವ ವಿಂಚ್ ನೋಡಿಕೊಳ್ಳುವವರಿಗೂ ಋಣಿಗಳು. ಸಮುದ್ರದ ಮೇಲೆ ಕೆಲಸ ಮಾಡಿ ಬಂದ ದಿನ ಕೇಬಲನ್ನು ಪೂರ್ತಿ ಬಿಚ್ಚಿ ಸಿಹಿನೀರಲ್ಲಿ ತೊಳೆದು, ಒಣಗಿಸಿ, ಬಟ್ಟೆ ಹಿಡಿದು ಉದ್ದಕ್ಕೂ ಸವರಬೇಕು. ತುಂಡಾದ ಎಳೆಯಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಒಮ್ಮೆ ಸೊಟ್ಟಗೆ ಮಡಚಿದ ಕೇಬಲನ್ನು ನೆಟ್ಟಗೆ ಮಾಡಿ ಬಳಸುವಂತಿಲ್ಲ, ಒಳಗಿನ ಎಳೆಗಳು ಆಗಲೇ ಬಲ ಕಳೆದುಕೊಂಡಿರುತ್ತವೆ. ಉಪ್ಪು ಎಂಜಿನ್ನಿನೊಳಗೆ ಗಾಳಿ ಒತ್ತುವ ಕಂಪ್ರೆಸರನ್ನೂ ಬಿಡುವುದಿಲ್ಲ. ಅದಕ್ಕೂ ಸಿಹಿನೀರಿನ ತೊಳೆತ ಬೇಕು, ರಾತ್ರಿ ಎಷ್ಟೇ ಹೊತ್ತಾಗಿರಲಿ.

ಇನ್ನು ಸ್ಟೋರ್ ಕೀಪರ್‌ಗಳು. ಹೊರಗೆ ಮಳೆ, ಹೆಲಿಕಾಪ್ಟರಿಗಾಗಿ ಕರೆ, ಕೈಯಲ್ಲಿ ಒಂದು ಓ-ರಿಂಗ್, ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ. ನೋಡಲು ಹೊಸದೇ, ಆದರೆ ಪ್ಯಾಕೆಟ್ಟಿನ ಮೇಲಿನ ಅವಧಿ ತೀರಿದೆ. ಆಗ ‘ಕೊಡುವುದಿಲ್ಲ’ ಅನ್ನುವುದಕ್ಕೆ ಗಟ್ಟಿ ಎದೆ ಬೇಕು. ರಬ್ಬರು ಕಪಾಟಿನಲ್ಲಿದ್ದರೂ ಹಳತಾಗುತ್ತದೆ, ಗಡುಸಾಗಿ ಎಣ್ಣೆ ಸೋರಲು ಬಿಡುತ್ತದೆ. ನಟ್ಟು ಸಡಿಲವಾಗದಂತೆ ಹಿಡಿಯುವ ಸ್ಪ್ಲಿಟ್ ಪಿನ್ ಒಮ್ಮೆ ಬಿಚ್ಚಿದರೆ ಮತ್ತೆ ಹಾಕುವಂತಿಲ್ಲ. ಒಂದು ಹೆಲಿಕಾಪ್ಟರಿನಿಂದ ಬಿಚ್ಚಿ ಇನ್ನೊಂದಕ್ಕೆ ಹಾಕುವ ಭಾಗದ ಜೊತೆ ಅದರ ಲಾಗ್ ಕಾರ್ಡ್ ಹೋಗಲೇಬೇಕು, ಏಕೆಂದರೆ ಹಾರಿದ ಗಂಟೆಗಳ ಲೆಕ್ಕ ಭಾಗದ್ದು, ಹೆಲಿಕಾಪ್ಟರಿನದ್ದಲ್ಲ. ಲೆಕ್ಕ ಕಳೆದುಹೋದರೆ ಎಷ್ಟೇ ಬೆಲೆಬಾಳುವ ಭಾಗವಾದರೂ ಗುಜರಿ.

ಧ್ರುವ ತಯಾರಿಸುವ ಬೆಂಗಳೂರಿನ ಎಚ್‌ಎಎಲ್ ಕಾರ್ಮಿಕರಿಗೆ, ಅವರಿಗಾಗಿ ಲೇತ್ ಮುಂದೆ ನಿಂತು ಭಾಗ ಕಡೆಯುವ ಸಣ್ಣ ವರ್ಕ್‌ಶಾಪುಗಳ ಕೈಗಳಿಗೆ, ಸರಿಹೊಂದದ ಭಾಗಕ್ಕೆ ಕೆಂಪು ಚೀಟಿ ಕಟ್ಟಿ ವಾಪಸ್ ಕಳಿಸಿದ ಇನ್‌ಸ್ಪೆಕ್ಟರುಗಳಿಗೆ ಮನಸಾರೆ ಧನ್ಯವಾದ. ನೀವು ತಡೆಹಿಡಿದ ಒಂದೊಂದು ಭಾಗಕ್ಕೂ ನಾವು ಋಣಿಗಳು.