ಪಿಲಿಕುಳದ ಕಾಳಿಂಗ ಯಾವ ಕಾಡಿನದು? ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರಿಗೆ ನಮಸ್ಕಾರಗಳು.

ಮಂಗಳೂರಿನ ಹೊರವಲಯದ ಪಿಲಿಕುಳ ಜೈವಿಕ ಉದ್ಯಾನಕ್ಕೆ ಬಂದವರು ಮೊದಲು ಕೇಳುವುದು ಹುಲಿ ಎಲ್ಲಿ ಎಂದು. ಕಾಳಿಂಗ ಸರ್ಪದ ಗೂಡಿನ ಮುಂದೆ ಅರೆಗಳಿಗೆ ನಿಂತು, ಅದು ಅಲ್ಲಾಡದಿದ್ದರೆ ಮುಂದೆ ನಡೆಯುತ್ತಾರೆ. ಆದರೆ ಪಿಲಿಕುಳಕ್ಕೆ ದೇಶದ ಮೃಗಾಲಯಗಳ ನಡುವೆ ಒಂದು ಸ್ಥಾನವಿದ್ದರೆ ಅದು ಈ ಹಾವಿನಿಂದಲೇ. ಕಾಳಿಂಗದ ಸಂರಕ್ಷಣಾ ಸಂತಾನಾಭಿವೃದ್ಧಿಯ ಮುಂದಾಳತ್ವವನ್ನು ಕೇಂದ್ರ ಮೃಗಾಲಯ ಪ್ರಾಧಿಕಾರ ವಹಿಸಿದ್ದು ಇಲ್ಲಿಗೆ. ಮೈಸೂರಿನಷ್ಟು ಹೆಸರಿಲ್ಲದ ಈ ಜಾಗದಲ್ಲಿ ಮೊಟ್ಟೆಯೊಡೆದು ಮರಿಗಳೂ ಬಂದಿವೆ.

ಅದು ಸುಲಭದ ಕೆಲಸವಲ್ಲ. ಹೆಣ್ಣು ಕಾಳಿಂಗ ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ಹಾವುಗಳಲ್ಲಿ ಹೀಗೆ ಎಲೆ ಒಟ್ಟುವುದು ಇದೊಂದೇ. ಇದರ ಮುಖ್ಯ ಆಹಾರ ಬೇರೆ ಹಾವುಗಳು. ಕಾಡಿನಲ್ಲಾದರೆ ಕೇರೆ ಸಿಗುತ್ತದೆ. ಮೃಗಾಲಯದಲ್ಲಿ ಹೊಟ್ಟೆ ತುಂಬಿಸುವುದೇ ದೊಡ್ಡ ತಲೆನೋವು.

ಈಗ ವಿಷಯಕ್ಕೆ ಬರುತ್ತೇನೆ. 1836ರಿಂದ ಒಂದೇ ಪ್ರಭೇದವೆಂದು ಎಣಿಸಿದ್ದ ಕಾಳಿಂಗವನ್ನು 2024ರಲ್ಲಿ ವಿಜ್ಞಾನಿಗಳು ನಾಲ್ಕಾಗಿ ವಿಂಗಡಿಸಿದರು. ಪಶ್ಚಿಮಘಟ್ಟದ್ದು ಈಗ ಓಫಿಯೋಫೇಗಸ್ ಕಾಳಿಂಗ. ಈ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಒಡಿಶಾ ಮತ್ತು ಈಶಾನ್ಯದ್ದು ಬೇರೆ ಪ್ರಭೇದ. ಅಂದರೆ, ಒಂದೇ ಜಾತಿಯೆಂಬ ನಂಬಿಕೆಯ ಮೇಲೆ ಮೃಗಾಲಯಗಳು ನಡೆಸಿಕೊಂಡು ಬಂದ ವಿನಿಮಯ, ಜೋಡಿ ಕೂಡಿಸುವಿಕೆ ಎಲ್ಲವನ್ನೂ ಮತ್ತೆ ನೋಡಬೇಕಾಗಿದೆ. ವಿನಿಮಯಕ್ಕೆ ಪ್ರಾಧಿಕಾರದ ಅನುಮತಿ ಬೇಕು, ನಿಜ. ಆದರೆ ಹಾವಿನ ಮೂಲವೇ ತಿಳಿಯದಿದ್ದರೆ ಆ ಅನುಮತಿ ಏನನ್ನು ಕಾಯುತ್ತದೆ? ಎರಡು ಪ್ರಭೇದ ಬೆರೆತ ಮರಿಯನ್ನು ಆಗುಂಬೆಯ ಕಾಡಿಗೆ ಬಿಡುವ ಹಾಗಿಲ್ಲ. ಬಿಟ್ಟ ಮೇಲೆ ಹಿಡಿದು ತರುವುದಕ್ಕೂ ಆಗುವುದಿಲ್ಲ.

ಆದ್ದರಿಂದ ನನ್ನ ಕೋರಿಕೆ ಇದು: ರಾಜ್ಯದ ಮೃಗಾಲಯಗಳಲ್ಲಿರುವ ಪ್ರತಿಯೊಂದು ಕಾಳಿಂಗದ ಡಿಎನ್‌ಎ ಪರೀಕ್ಷೆಯಾಗಲಿ. ಹಾವಿಗೆ ಸೂಜಿ ಚುಚ್ಚಬೇಕಾಗಿಲ್ಲ, ಬಿಟ್ಟ ಪೊರೆ ಸಾಕು. ವನ್ಯಜೀವಿಗಳ ಡಿಎನ್‌ಎ ಓದುವ ಪ್ರಯೋಗಾಲಯ ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲೇ ಇದೆ. ಫಲಿತಾಂಶ ಬರುವ ತನಕ ಹೊರರಾಜ್ಯಗಳ ಜತೆ ಕಾಳಿಂಗ ವಿನಿಮಯ ನಿಲ್ಲಲಿ. ಆಮೇಲೆ ಘಟ್ಟದ ಹಾವುಗಳದ್ದೇ ಪ್ರತ್ಯೇಕ ವಂಶಾವಳಿ ಪುಸ್ತಕ ಪಿಲಿಕುಳದಲ್ಲಿ ಶುರುವಾಗಲಿ.

ಜಿರಾಫೆ, ಜೀಬ್ರಾ ಬಂದರೆ ಟಿಕೆಟ್ ಹೆಚ್ಚು ಹರಿಯುತ್ತದೆ, ಒಪ್ಪುತ್ತೇನೆ. ಆದರೆ ಅವುಗಳನ್ನು ಉಳಿಸುವ ಹೊಣೆ ಆಫ್ರಿಕಾದ್ದು. ಘಟ್ಟದ ಕಾಳಿಂಗಕ್ಕೆ ನಮ್ಮನ್ನು ಬಿಟ್ಟರೆ ಯಾರಿದ್ದಾರೆ? (ನಾಗಪಂಚಮಿಗೆ ಹಾಲೆರೆದು, ನಾಗಬನದ ಮರ ಕಡಿದು ಕಾಂಕ್ರೀಟ್ ಹಾಸುವ ನಮ್ಮ ಕರಾವಳಿಯವರಿಗೂ ಇದನ್ನೇ ಕೇಳಬೇಕು. ಅದಕ್ಕೆ ಬೇರೆಯೇ ಪತ್ರ ಬರೆಯಬೇಕಾದೀತು.)

ಇನ್ನೊಂದು ಮಾತು ಹಾವು ನೋಡಿಕೊಳ್ಳುವವರ ಬಗ್ಗೆ. ನಮ್ಮ ದೇಶದಲ್ಲಿ ತಯಾರಾಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಕಾಳಿಂಗದ್ದು ತಯಾರಾಗುವುದು ಥಾಯ್ಲೆಂಡಿನಲ್ಲಿ. ಅದನ್ನು ತರಿಸಿ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಸದಾ ದಾಸ್ತಾನಿಡುವ ವ್ಯವಸ್ಥೆ ಮಾಡಿಸಿ. ದಿನವೂ ಆ ಗೂಡಿನ ಬಾಗಿಲು ತೆರೆಯುವವರ ಜೀವದ ಪ್ರಶ್ನೆ ಇದು, ಮುಂದಿನ ಬಜೆಟ್ಟಿನ ತನಕ ಕಾಯಿಸಬೇಡಿ.

ವಂದನೆಗಳೊಂದಿಗೆ,
ದಕ್ಷಿಣ ಕನ್ನಡದ ಒಬ್ಬ ನಾಗರಿಕ